ಬೂದು ಬಣ್ಣದ ತಂತಿ

"ಅದರ ಮೇಲಿಂದ ಕೈ ತೆಗೀರಿ," ಅಂದಳು ರಕ್ತನಿಧಿಯ ಲ್ಯಾಬಕ್ಕ. ಬರೀ ಅಂದು ಸುಮ್ಮನಾಗಲಿಲ್ಲ, ಬಂದು ಅವನ ಮಣಿಕಟ್ಟನ್ನೇ ಹಿಡಿದುಕೊಂಡಳು.

ಸ್ವಿಚ್ಚಪ್ಪನ ಬೆರಳು ಆಗಲೇ ಸರ್ವರಿನ ಬೆನ್ನಿಗಿದ್ದ ಸ್ವಿಚ್ಚಿನ ಮೇಲಿತ್ತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಅದುಮಿಯೇ ಬಿಡುತ್ತಿದ್ದ. ಅವನದು ಸುಮ್ಮನಿರುವ ಕೈಯಲ್ಲ. ಹದಿನೆಂಟು ವರ್ಷದಿಂದ ಶಾಲೆ, ಆಸ್ಪತ್ರೆ, ಆಫೀಸು ಅಂತ ಸುತ್ತಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವನು. ಅದರಲ್ಲಿ ಮುಕ್ಕಾಲುಪಾಲು ರಿಪೇರಿ ಆಫ್ ಮಾಡಿ ಆನ್ ಮಾಡುವುದರಲ್ಲೇ ಮುಗಿಯುತ್ತಿತ್ತು. ಜೊತೆಯವರು ಈ ಹೆಸರಿಟ್ಟಿದ್ದೇ ಅದಕ್ಕೆ. ಮೊದಮೊದಲು ಅವನಿಗೆ ಸಿಟ್ಟು ಬರುತ್ತಿತ್ತು. ಈಗ ಹೆಂಡತಿಯ ಫೋನಿನಲ್ಲೂ ಅದೇ ಹೆಸರಿದೆ.

"ಆಫ್ ಮಾಡದೆ ಇನ್ನೇನು ಮಾಡ್ಲಿ ಮೇಡಂ? ತಲೆ ಸವರ್ಕೊಂಡು ಕೂರ್ಲಾ?"

"ಏನಾದ್ರೂ ಮಾಡಿ. ಕರೆಂಟ್ ಮಾತ್ರ ತೆಗೀಬೇಡಿ. ಇದನ್ನ ನೋಡ್ಕೊಳ್ತಿದ್ದ ಹಳೇ ಆಪರೇಟರ್ ಹೋಗುವಾಗ ಅದೊಂದೇ ಮಾತು ಹೇಳಿ ಹೋಗಿದ್ರು. ಹೋದ ವರ್ಷ ಕರೆಂಟ್ ಹೋಗಿ ಬಂದಾಗ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಂಡು ಏಳೋಕೆ ಮೂರೂವರೆ ಗಂಟೆ ತಗೊಂಡಿತ್ತು. ಈಗ ಹತ್ತೂಮುಕ್ಕಾಲು. ನೀವೇ ನೋಡಿ, ಎಷ್ಟಕ್ಕೆ ಬಂತು ಅಂತ."

ಎರಡೂಕಾಲಕ್ಕೆ ಬಂತು. ಅವನು ಕೈ ತೆಗೆದ.

"ಆ ಆಪರೇಟರ್ ಈಗೆಲ್ಲಿದಾರೆ?"

"ತೀರ್ಕೊಂಡು ನಾಲ್ಕು ವರ್ಷ ಆಯ್ತು."

ಎರಡೂಕಾಲು ಯಾಕೆ ಆಗಬಾರದು ಅಂತ ಅವನಿಗೆ ಬರುವಾಗಲೇ ಹೇಳಿದ್ದರು. ಹೆರಿಗೆ ವಾರ್ಡಿನಲ್ಲಿ ಒಬ್ಬ ಬಸುರಿಗೆ ಬೆಳಗ್ಗೆ ಇದ್ದಕ್ಕಿದ್ದಂತೆ ರಕ್ತ ಹೋಗಲು ಶುರುವಾಗಿದೆ. ಆಪರೇಷನ್ ಮಾಡಿ ಮಗು ತೆಗೆಯಬೇಕು. ಮಧ್ಯಾಹ್ನ ಎರಡು ಗಂಟೆಯಾಚೆ ಕಾಯುವಂತಿಲ್ಲ. ಆದರೆ ಎರಡು ಬಾಟಲಿ ರಕ್ತ ಕೈಯಲ್ಲಿ ಇಲ್ಲದೆ ಡಾಕ್ಟರು ಮುಟ್ಟುವಂತೆಯೂ ಇಲ್ಲ. ಅವಳದು ಸಾವಿರಾರು ಜನರಲ್ಲಿ ಒಬ್ಬರಿಗಿರುವ ಗುಂಪು. ಸುತ್ತಲಿನ ರಕ್ತನಿಧಿಗಳೆಲ್ಲ ನಾಳೆ ಬೆಳಗ್ಗೆ ಅನ್ನುತ್ತಿವೆ. ಆ ಗುಂಪಿನ ದಾನಿಗಳು ಈ ಊರಲ್ಲೇ ಹನ್ನೊಂದು ಮಂದಿ ಇದ್ದಾರೆ, ಕರೆದರೆ ಬರುತ್ತಾರೆ. ಆದರೆ ಅವರ ಹೆಸರು, ಮನೆ, ಫೋನ್ ನಂಬರು ಎಲ್ಲ ಇರುವುದು ಈ ಯಂತ್ರದ ಹೊಟ್ಟೆಯಲ್ಲಿ, ಮತ್ತೆಲ್ಲೂ ಇಲ್ಲ. ಹತ್ತು ಗಂಟೆಯವರೆಗೆ ಹೊರಗಿನ ಕೌಂಟರಿನವರಿಗೆ ಕೆಲಸ ಮಾಡಿಕೊಟ್ಟ ಯಂತ್ರ ಆಮೇಲೆ ಮಿಸುಕಾಡದೆ ಕೂತಿದೆ.

ಆ ಬಸುರಿ ಲ್ಯಾಬಕ್ಕನ ಒಡಹುಟ್ಟಿದ ತಂಗಿ ಅನ್ನುವುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಅದು ಲ್ಯಾಬಕ್ಕನ ಬಾಯಿಂದಲೇ ಬಂತು, ಅವನ ಕೈ ಬಿಟ್ಟ ಮೇಲೆ.

"ನನ್ನ ರಕ್ತ ಅವಳಿಗೆ ಹೊಂದಲ್ಲ. ಅವಳು ದೊಡ್ಡಾಸ್ಪತ್ರೆಗೆ ಹೋಗ್ತೀನಿ ಅಂದಿದ್ಲು. ನಾನೇ ಹಟ ಮಾಡಿ ಇಲ್ಲಿ ಸೇರಿಸ್ದೆ. ನಾನಿರುವಾಗ ಅಲ್ಯಾಕೆ ಹೋಗ್ತೀಯ ಅಂದೆ. ಒಂಬತ್ತು ನಲವತ್ತಕ್ಕೆ ವಾರ್ಡಿಂದ ಫೋನ್ ಬಂತು, ಹೆಸರು ಕೇಳ್ತಿದ್ದಂಗೇ ಓಡಿದೆ. ಅವಳ ಮುಖ ನೋಡ್ಕೊಂಡು ಹತ್ತೂ ಹತ್ತಕ್ಕೆ ಬಂದು ಹುಡುಕೋಕೆ ಕೂತ್ರೆ ಇದು ನಿಂತು ಹೋಗಿತ್ತು."

ರಿಪೇರಿಗೆ ಹೋದಲ್ಲಿ ಇಂಥ ಮಾತು ಕೇಳಿ ಸ್ವಿಚ್ಚಪ್ಪನಿಗೆ ಅಭ್ಯಾಸವಿಲ್ಲ. ಹೆಚ್ಚೆಂದರೆ ಯಾವನೋ ಹೆಡ್ಮಾಸ್ತರು ಅಂಕಪಟ್ಟಿ ಬರುತ್ತಿಲ್ಲ ಅಂತ ಹಾರಾಡುತ್ತಾನೆ.

ಅವನಿಗೆ ಈ ಯಂತ್ರದ ಪರಿಚಯವೂ ಇರಲಿಲ್ಲ. ಮೇಜಿನ ಕೆಳಗೆ ಮೊಣಕಾಲೆತ್ತರದ ಪೆಟ್ಟಿಗೆ. ಹಳದಿಗಟ್ಟಿದ ಪ್ಲಾಸ್ಟಿಕ್ಕು, ಮುಂದೊಂದು ಹಸಿರು ದೀಪ, ಒಳಗೆ ಒಂದೇ ಸಮನೆ ಗೊಣಗುವ ಫ್ಯಾನು. ಮೈಮೇಲೆ ಯಾರೋ ಕಪ್ಪು ಪೆನ್ನಿನಲ್ಲಿ ಅದನ್ನು ಓಡಿಸುವ ಹಳೇ ತಂತ್ರಾಂಶದ ಹೆಸರು, ಯೂನಿಕ್ಸ್ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಇದಕ್ಕೆ ತನ್ನದೇ ಅಂತ ಸ್ಕ್ರೀನಾಗಲಿ ಕೀಬೋರ್ಡಾಗಲಿ ಇಲ್ಲ. ಮೇಜಿನ ಮೇಲೆ ಲ್ಯಾಬಕ್ಕನ ಸ್ಕ್ರೀನ್ ಇತ್ತು, ಅದರಲ್ಲಿ ಅವಳು ತುಂಬಿದ ಗುಂಪಿನ ಹೆಸರು, ಅದರ ಮುಂದೆ ಅಲುಗದೆ ನಿಂತ ಕರ್ಸರ್. ಅವನು ಎಲ್ಲ ಕೀಲಿಗಳನ್ನೂ ಒತ್ತಿದ. ಒಂದೊಂದನ್ನು ಎರಡೆರಡು ಸಲ ಒತ್ತಿದ. ಏನೂ ಆಗಲಿಲ್ಲ.

ತನ್ನ ಲ್ಯಾಪ್‌ಟಾಪು ಸಿಕ್ಕಿಸಿ ನೋಡಿದ. ಇದ್ದೀಯಾ ಅಂತ ಕೇಳಿದರೆ ಯಂತ್ರ ತಕ್ಷಣ ಇದ್ದೀನಿ ಅನ್ನುತ್ತಿತ್ತು. ಒಳಗೆ ಬರಲಾ ಅಂದರೆ ಹೆಸರು ಕೇಳಿತು, ಕೊಟ್ಟ. ಪಾಸ್‌ವರ್ಡ್ ಕೇಳಿತು, ಲ್ಯಾಬಕ್ಕ ಹೇಳಿದ್ದನ್ನು ಕೊಟ್ಟ. ಅಷ್ಟೇ. ಆಮೇಲೆ ತಪ್ಪು ಅಂತಲೂ ಹೇಳಲಿಲ್ಲ, ಸರಿ ಅಂತಲೂ ಹೇಳಲಿಲ್ಲ. ಬಾಗಿಲು ತಟ್ಟಿಸಿಕೊಂಡು, ಯಾರು ಅಂತ ವಿಚಾರಿಸಿಕೊಂಡು, ಆಮೇಲೆ ಒಳಗೆ ಹೋಗಿ ಮಲಗಿದವರ ಹಾಗೆ. ಸತ್ತಿದ್ದರೆ ಒಂದು ದಾರಿ, ಬದುಕಿದ್ದರೆ ಒಂದು ದಾರಿ, ಇದೆಂಥ ಪೀಕಲಾಟ ಅಂತ ಅವನ ತಲೆ ಬಿಸಿಯಾಯಿತು.

ಅಷ್ಟರಲ್ಲಿ ರಕ್ತನಿಧಿಯ ದೊಡ್ಡ ಡಾಕ್ಟರು ಬಂದರು. ಅವರು ಬರುವುದು ಕಾರಿಡಾರಿನ ಆ ತುದಿಯಿಂದಲೇ ಬೂಟಿನ ಸದ್ದಿನಲ್ಲಿ ಗೊತ್ತಾಗುತ್ತಿತ್ತು. ಬೆಳಗ್ಗೆಯಿಂದ ಇದು ಆರನೇ ಸಲ.

"ಏನಾಯ್ತ್ರೀ?"

"ನೋಡ್ತಿದೀನಿ ಸರ್."

"ನೋಡಿ ನೋಡಿ ಗಂಟೆ ಹನ್ನೊಂದಾಯ್ತು. ಆಫ್ ಮಾಡಿ ಆನ್ ಮಾಡ್ರಿ, ಎಲ್ಲ ಕಡೆ ನೀವು ಮಾಡೋದು ಅದೇ ತಾನೆ. ಯಾರನ್ನೋ ಕೇಳ್ದೆ, ಹಂಗೇ ಹೇಳಿದ್ರು."

"ಮಾಡಿದ್ರೆ ಎರಡು ಗಂಟೆ ಒಳಗೆ ಏಳಲ್ಲ ಸರ್," ಅಂದಳು ಲ್ಯಾಬಕ್ಕ. "ಏಳದೇನೂ ಇರ್ಬಹುದು."

"ಹಂಗಂತ ಕೈ ಕಟ್ಕೊಂಡು ಕೂತ್ರೆ ಎದ್ಬಿಡತ್ತೇನಮ್ಮಾ?"

ಅಂದ ಮೇಲೆ ಡಾಕ್ಟರಿಗೇ ತಾವು ಯಾರ ಮುಂದೆ ಏನಂದೆವು ಅಂತ ಹೊಳೆದು ಮುಖ ಸಣ್ಣದಾಯಿತು. ಹನ್ನೆರಡರ ತನಕ ನೋಡಿ, ಆಮೇಲೆ ನಾನೇ ಬಂದು ಸ್ವಿಚ್ ತೆಗೀತೀನಿ ಅಂತ ಸ್ವಿಚ್ಚಪ್ಪನಿಗೆ ಹೇಳಿ ಹೊರಟರು. ಹಿಂದೆಯೇ ವಾರ್ಡಿನ ನರ್ಸ್ ಬಂದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು, ಗಂಡ ಇನ್ನೂ ಬಸ್ಸಿನಲ್ಲಿದ್ದಾನಂತೆ, ನೀವೇ ಬನ್ನಿ ಅಂತ ಲ್ಯಾಬಕ್ಕನನ್ನು ಕರೆದುಕೊಂಡು ಹೋದಳು. ಬಾಗಿಲು ದಾಟುವಾಗ ಲ್ಯಾಬಕ್ಕ ತಿರುಗಿ ಅವನ ಕೈಯನ್ನೇ ನೋಡಿದಳು.

"ಮುಟ್ಟಲ್ಲ," ಅಂದ ಸ್ವಿಚ್ಚಪ್ಪ. "ನೀವು ಹೋಗಿ ಬನ್ನಿ."

ಅಂದನೇನೋ ನಿಜ. ಒಬ್ಬನೇ ಆದ ಮೇಲೆ ಎರಡು ಸಲ ಅವನ ಕೈ ತಾನಾಗಿಯೇ ಅತ್ತ ಹೋಗಿತ್ತು. ಕೂತರೆ ಕಾಲು ಕುಣಿಯುತ್ತಿತ್ತು, ನಿಂತರೆ ಗಡಿಯಾರ ಕಾಣುತ್ತಿತ್ತು. ಈ ಯಂತ್ರವನ್ನು ಬಲ್ಲವರೊಬ್ಬರು ಅವನಿಗೆ ಗೊತ್ತಿದ್ದರು, ಬರುವಾಗಿನಿಂದಲೂ ಆ ಹೆಸರು ತಲೆಯಲ್ಲಿ ಸುತ್ತುತ್ತಿತ್ತು. ಆದರೆ ಅವರಿಗೆ ಫೋನ್ ಮಾಡುವುದಕ್ಕಿಂತ ಈ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಊರು ಸುತ್ತುವುದೇ ವಾಸಿ ಅನ್ನಿಸುತ್ತಿತ್ತು.

ಅವರು ಅವನ ಮಾವ. ಹೆಂಡತಿಯ ತಂದೆ. ದೂರವಾಣಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಇಂಥ ಯಂತ್ರಗಳನ್ನೇ ಸಾಕಿ ನಿವೃತ್ತರಾಗಿ, ಅತ್ತೆ ಹೋದ ಮೇಲೆ ಮಗಳ ಮನೆಗೆ ಬಂದು ಇದ್ದವರು. ಬರುವಾಗ ಎರಡು ಜೊತೆ ಬಟ್ಟೆ, ಒಂದು ರೇಡಿಯೋ, ಆ ಯಂತ್ರಗಳ ಬಗ್ಗೆ ಒಂಬತ್ತು ದಪ್ಪ ಪುಸ್ತಕ ತಂದಿದ್ದರು. ಮೂರು ವಾರದ ಹಿಂದೆ ವಾಷಿಂಗ್ ಮಷೀನಿಗೆ ಜಾಗ ಬೇಕಾಗಿ ಸ್ವಿಚ್ಚಪ್ಪ ಆ ಒಂಬತ್ತು ಪುಸ್ತಕಗಳನ್ನು, ಯಾರನ್ನೂ ಕೇಳದೆ, ಹಳೇ ಪೇಪರಿನವನಿಗೆ ಎತ್ತಿ ಕೊಟ್ಟಿದ್ದ. ಯಾವ ಕಾಲದ ಪುಸ್ತಕ ಮಾವ, ಆ ಡಬ್ಬಗಳೆಲ್ಲ ಗುಜರಿ ಸೇರಿ ಎಷ್ಟು ವರ್ಷವಾಯ್ತು ಅಂತ ನಕ್ಕೂ ಇದ್ದ. ಅಂದಿನಿಂದ ಒಂದೇ ಸೂರಿನಡಿ ಇದ್ದುಕೊಂಡು ಮಾವ ಅವನ ಹತ್ತಿರ ಮಾತಾಡಿಲ್ಲ. ಬೇಕಾದ್ದನ್ನು ಮಗಳಿಗೆ ಹೇಳುತ್ತಾರೆ, ಮಗಳು ಇವನಿಗೆ ಹೇಳುತ್ತಾಳೆ, ಮೂವರೂ ಒಂದೇ ಮೇಜಿಗೆ ಕೂತಿದ್ದಾಗಲೂ.

ಹನ್ನೊಂದು ಹತ್ತಕ್ಕೆ ಸ್ವಿಚ್ಚಪ್ಪ ಹೆಂಡತಿಗೆ ಫೋನ್ ಹಚ್ಚಿದ.

"ಮಾವ ಇದ್ದಾರಾ?"

"ಇರದೆ ಎಲ್ಲಿಗೆ ಹೋಗ್ತಾರೆ? ಯಾಕೆ?"

"ಒಂದು ಹಳೇ ಯೂನಿಕ್ಸ್ ಮಷೀನು. ಹ್ಯಾಂಗ್ ಆಗಿ ಕೂತಿದೆ. ಅವರನ್ನ ಒಂದ್ಮಾತು ಕೇಳ್ಬೇಕಿತ್ತು."

ಆ ಕಡೆ ಅವಳು ನಗು ನುಂಗಿಕೊಳ್ಳುತ್ತಿದ್ದಾಳೆ ಅಂತ ಅವನಿಗೆ ಚೆನ್ನಾಗಿ ಗೊತ್ತಾಯಿತು. ಆಮೇಲೆ, "ಅಪ್ಪಾ, ಇವರಿಗೆ ನಿಮ್ಮ ಹತ್ರ ಏನೋ ಕೇಳ್ಬೇಕಂತೆ. ಯೂನಿಕ್ಸ್ ವಿಷಯ ಅಂತೆ," ಅಂದದ್ದು ಕೇಳಿಸಿತು.

ದೂರದಿಂದ ಮಾವನ ದನಿ ಬಂತು. "ಪುಸ್ತಕದಲ್ಲಿದೆ, ನೋಡ್ಕೊಳ್ಳೋಕೆ ಹೇಳಮ್ಮ. ನಾಲ್ಕನೇ ಪುಸ್ತಕ, ನೀಲಿ ರಟ್ಟು. ಈಗ ಯಾವ ಅಂಗಡೀಲಿ ಪೊಟ್ಟಣ ಕಟ್ತಿದಾರೋ ವಿಚಾರಿಸ್ಕೊಳ್ಳಲಿ."

"ಪುಸ್ತಕದಲ್ಲಿದೆಯಂತೆ ರೀ," ಅಂದಳು ಹೆಂಡತಿ.

"ಕೇಳಿಸ್ತು." ಸ್ವಿಚ್ಚಪ್ಪ ಕಣ್ಣು ಮುಚ್ಚಿಕೊಂಡ. "ನೋಡು, ಆಸ್ಪತ್ರೇಲಿದೀನಿ. ಒಬ್ಬಳು ಬಸುರಿ, ರಕ್ತ ಬೇಕು. ಕೊಡೋರ ವಿಳಾಸ ಈ ಮಷೀನಲ್ಲಿದೆ. ಎರಡು ಗಂಟೆ ಒಳಗೆ ತೆಗೀದಿದ್ರೆ ಆ ಹುಡುಗಿ ಉಳಿಯಲ್ಲ. ಅಷ್ಟು ಹೇಳು ಅವರಿಗೆ."

ಅವಳು ಹೇಳಿದಳೋ ಇಲ್ಲವೋ, ಕುರ್ಚಿ ಸರಿದ ಸದ್ದಾಯಿತು. ಮರುಗಳಿಗೆ ಕಿವಿಯಲ್ಲಿ ಮಾವನೇ ಇದ್ದರು.

"ಹೇಳಿ ಅಳಿಯಂದಿರೆ. ಮುಂದುಗಡೆ ಎಷ್ಟು ದೀಪ ಇದೆ?"

"ಮಾವ, ಆ ಪುಸ್ತಕದ್ದು... ನಂದು ತಪ್ಪಾಯ್ತು."

"ಅದು ಆಮೇಲೆ ನೋಡೋಣ. ದೀಪ ಎಷ್ಟಿದೆ?"

ಎರಡಿತ್ತು. ಒಂದು ಹಸಿರು, ಉರಿಯುತ್ತಿತ್ತು. ಇನ್ನೊಂದು ಕಿತ್ತಳೆ, ಆರಿತ್ತು. ಕಿತ್ತಳೆಯದು ಡಿಸ್ಕಿನದು ಅಂದರು ಮಾವ. ಅದು ಒಮ್ಮೆಯೂ ಮಿನುಗುತ್ತಿಲ್ಲವೇ ಅಂತ ಕೇಳಿದರು. ಒಂದು ನಿಮಿಷ ಕಣ್ಣು ಮಿಟುಕಿಸದೆ ನೋಡಿ ಅಂದರು. ಸ್ವಿಚ್ಚಪ್ಪ ನೆಲಕ್ಕೆ ಕೂತು ನೋಡಿದ. ಒಂದು ನಿಮಿಷ ಇಷ್ಟುದ್ದ ಇರುತ್ತದೆ ಅಂತ ಅವನಿಗೆ ಅಂದೇ ಗೊತ್ತಾಗಿದ್ದು.

"ಇಲ್ಲ ಮಾವ, ಮಿನುಗ್ತಿಲ್ಲ. ಇದಕ್ಕೆ ತನ್ನದು ಅಂತ ಸ್ಕ್ರೀನೂ ಇಲ್ಲ. ಲ್ಯಾಪ್‌ಟಾಪಿಂದ ಕೇಳಿದ್ರೆ ಇದ್ದೀನಿ ಅನ್ನತ್ತೆ, ಒಳಗೆ ಮಾತ್ರ ಬಿಡಲ್ಲ."

"ಹಂಗಾದ್ರೆ ಅದು ದುಡೀತಿಲ್ಲ. ಕೆಟ್ಟೂ ಇಲ್ಲ, ಕೆಟ್ಟಿದ್ರೆ ನಿಮಗೆ ಇದ್ದೀನಿ ಅಂತ ಉತ್ತರ ಕೊಡ್ತಿರ್ಲಿಲ್ಲ. ಯಾವುದಕ್ಕೋ ಕಾಯ್ತಾ ಕೂತಿದೆ. ಈಗಿನವು ಕಾದು ಬೇಜಾರಾದ್ರೆ ಬಿಟ್ಟು ಮುಂದೆ ಹೋಗ್ತವೆ. ಇವು ಹಂಗಲ್ಲ, ಒಂದಕ್ಕೆ ಕೂತ್ರೆ ಕೂತ್ವು. ಯಾವುದಕ್ಕೆ ಅಂತ ಹುಡುಕ್ಬೇಕು. ಅವಸರ ಮಾಡಬೇಡಿ."

"ಅವಸರ ಮಾಡದೆ ಹೆಂಗೆ ಮಾವ?"

"ಮಾಡಿ. ಆದ್ರೆ ಕೈಯಲ್ಲಿ ಬೇಡ, ಕಣ್ಣಲ್ಲಿ ಮಾಡಿ. ಅದರ ಬೆನ್ನಿಂದ ಎಷ್ಟು ತಂತಿ ಹೊರಡ್ತವೆ?"

ಸ್ವಿಚ್ಚಪ್ಪ ಮೇಜಿನಡಿ ತೂರಿದ. ಧೂಳು ಮೂಗಿಗೇರಿ ಸೀನು ಬಂತು. ನಾಲ್ಕು ತಂತಿ. ಒಂದು ಕರೆಂಟಿನದು. ಒಂದು ನೆಟ್‌ವರ್ಕಿನದು, ಅದರಿಂದಲೇ ಅವನು ಒಳಗೆ ಹೋಗಲು ನೋಡಿದ್ದು. ಒಂದು ಮೇಲೆ ಹತ್ತಿ ಲ್ಯಾಬಕ್ಕನ ಸ್ಕ್ರೀನಿಗೆ ಹೋಗಿತ್ತು. ನಾಲ್ಕನೆಯದು ಬೂದು ಬಣ್ಣದ ದಪ್ಪ ತಂತಿ, ನೆಲದಂಚು ಹಿಡಿದು ಹೋಗಿ ಒಂದು ಕಬ್ಬಿಣದ ಬೀರುವಿನ ಹಿಂದೆ ಮಾಯವಾಗಿತ್ತು.

"ಅದೇ ಇರ್ಬೇಕು," ಅಂದರು ಮಾವ. "ಇವಕ್ಕೆ ತಮಗೆ ಏನಾಯ್ತು ಅಂತ ಹೇಳ್ಕೊಳ್ಳೋಕೆ ಒಂದು ಬಾಯಿ ಬೇಕು. ಸ್ಕ್ರೀನ್ ಇಲ್ಲ ಅಂತೀರಿ, ಹಂಗಾದ್ರೆ ಆ ತಂತಿ ತುದೀಲಿ ಏನೋ ಇದೆ. ಹಿಡ್ಕೊಂಡು ಹೋಗಿ."

ಬೀರು ಅಲುಗಲಿಲ್ಲ. ಅದರ ತುಂಬ ಹಳೇ ರಿಜಿಸ್ಟರುಗಳಿದ್ದವು. ಅವನು ಗೋಡೆಗೆ ಬೆನ್ನು ಕೊಟ್ಟು ಕಾಲಲ್ಲಿ ಒತ್ತಿದ, ನಾಲ್ಕು ಬೆರಳು ಜಾಗವಾಯಿತು. ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ತಂತಿ ಗೋಡೆಯಲ್ಲಿ ಕೊರೆದ ತೂತಿನೊಳಗೆ ಹೋಗಿತ್ತು. ಆಚೆ ಪಕ್ಕದ ಕೋಣೆ. ಕಾರಿಡಾರಿಗೆ ಓಡಿ ಬಾಗಿಲು ದೂಡಿದ.

ಚಿಕ್ಕ ಕೋಣೆ. ಕಿಟಕಿಯ ಪಕ್ಕ ಒಂದು ಮೇಜು. ಮೇಜಿನ ಮೇಲೆ ವಾರ್ಡುಗಳಿಗೆ ಮಾತಾಡುವ ಫೋನು, ಅದರ ಪಕ್ಕದಲ್ಲೇ, ಒಂದು ಗೇಣೂ ಅಂತರವಿಲ್ಲದೆ, ಸೂಜಿಯಲ್ಲಿ ಕುಟ್ಟಿ ಕುಟ್ಟಿ ಅಚ್ಚು ಮಾಡುವ ಹಳೇ ಪ್ರಿಂಟರು. ಬೂದು ತಂತಿ ಗೋಡೆಯಿಂದ ಇಳಿದು ಅದರ ಬೆನ್ನಿಗೆ ಸೇರಿತ್ತು. ಪ್ರಿಂಟರಿನ ಬಾಯಿಂದ ಉದ್ದನೆಯ ಕಾಗದ ಹೊರಬಂದು ಹಿಂದಿನ ಬುಟ್ಟಿಯಲ್ಲಿ ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಗೋಡೆಗೆ ಒಂದು ಸೂಚನಾಪತ್ರ ಅಂಟಿಸಿದ್ದರು: ದಾನಿಗಳ ವಿವರ ಯಾರು ಯಾವಾಗ ತೆರೆದರೂ ಇಲ್ಲಿ ಅಚ್ಚಾಗತಕ್ಕದ್ದು. ಅದರ ಕೆಳಗೆ ಬೇರೆ ಯಾರದೋ ಕೈಬರಹದ ಚೀಟಿ: ಮಾತು ಕೇಳಿಸದಿದ್ದರೆ ಗುಂಡಿ ಒತ್ತಿ ನಿಲ್ಲಿಸಿ. ಫೋನ್ ಇಟ್ಟ ಮೇಲೆ ಮತ್ತೆ ಒತ್ತಲು ಮರೆಯಬೇಡಿ.

ಪ್ರಿಂಟರಿನ ಗುಂಡಿಯ ಪಕ್ಕದ ದೀಪ ಆರಿತ್ತು. ಕಾಗದದ ಮೇಲಿನ ಕೊನೆಯ ಸಾಲಿಗೆ ಒಂಬತ್ತು ಮೂವತ್ತೆಂಟು ಅಂತ ಸಮಯವಿತ್ತು.

ಫೋನನ್ನು ಇಟ್ಟೇ ಇರಲಿಲ್ಲ. ರಿಸೀವರು ಮೇಜಿನ ಮೇಲೆ ಅಂಗಾತ ಬಿದ್ದಿತ್ತು, ಸುರುಳಿ ತಂತಿ ಎಳೆದುಕೊಂಡು, ಓಡುವವರ ಕೈಯಿಂದ ಜಾರಿದ ಹಾಗೆ. ಕುರ್ಚಿ ಒಂದು ಪಕ್ಕಕ್ಕೆ ತಿರುಗಿ ನಿಂತಿತ್ತು.

ಒಂಬತ್ತು ನಲವತ್ತಕ್ಕೆ ವಾರ್ಡಿಂದ ಫೋನ್ ಬಂತು, ಹೆಸರು ಕೇಳುತ್ತಿದ್ದ ಹಾಗೇ ಓಡಿದೆ ಅಂದಿದ್ದಳು ಲ್ಯಾಬಕ್ಕ. ಅಯ್ಯೋ ತಾಯಿ ಅಂದುಕೊಂಡ ಸ್ವಿಚ್ಚಪ್ಪ.

"ಅಳಿಯಂದಿರೆ? ಏನಿದೆ ಅಲ್ಲಿ?"

"ಪ್ರಿಂಟರ್ ಮಾವ. ಫೋನಲ್ಲಿ ಮಾತಾಡೋಕೆ ಅಂತ ಯಾರೋ ನಿಲ್ಲಿಸಿದಾರೆ. ಮತ್ತೆ ಒತ್ತಿಲ್ಲ. ಆದ್ರೆ ಇದು ನಿಂತದ್ದು ಒಂಬತ್ತೂವರೆ ದಾಟಿ. ಅದಾದ ಮೇಲೂ ಹತ್ತರವರೆಗೆ ಕೌಂಟರಿನವರು ಕೆಲಸ ಮಾಡಿದಾರೆ."

"ಮಾಡಿರ್ತಾರೆ. ಅಚ್ಚಾಗದ ಸಾಲುಗಳನ್ನ ಅದು ಒಂದಿಷ್ಟು ಹೊತ್ತು ಬಾಯಲ್ಲೇ ಇಟ್ಕೊಂಡಿರತ್ತೆ. ಬಾಯಿ ತುಂಬೋವರೆಗೆ ಯಾರಿಗೂ ಗೊತ್ತಾಗಲ್ಲ. ತುಂಬಿದ ಮೇಲೆ ಹೇಳೋದು ಹೇಳದೆ ಮುಂದಿನ ಕೆಲಸಕ್ಕೆ ಕೈ ಹಾಕಲ್ಲ. ನಿಮ್ಮನ್ನ ಒಳಗೆ ಬಿಡ್ಬೇಕಾದ್ರೂ ಬಂದ್ರು ಅಂತ ಒಂದು ಸಾಲು ಬರೀಬೇಕಲ್ಲ, ಅದಕ್ಕೇ ಬಿಟ್ಟಿಲ್ಲ. ಒತ್ತಿ."

ಒತ್ತಿದ. ದೀಪ ಹತ್ತಿತು. ಪ್ರಿಂಟರು ಒಮ್ಮೆ ಗಕ್ಕೆಂದು, ಆಮೇಲೆ ಕಿವಿ ಗಡಚಿಕ್ಕುವ ಹಾಗೆ ಕುಟ್ಟಲು ಶುರುಮಾಡಿತು. ಒಂಬತ್ತು ನಲವತ್ತೊಂದು, ಕೌಂಟರು. ಒಂಬತ್ತು ನಲವತ್ತನಾಲ್ಕು, ಕೌಂಟರು. ಸಾಲು ಸಾಲಾಗಿ ಕೌಂಟರು. ಆಮೇಲೆ ಹತ್ತೂ ಹತ್ತು, ಲ್ಯಾಬಕ್ಕನ ನಂಬರು, ಆ ಗುಂಪಿನ ಹೆಸರು. ಕೊಟ್ಟಕೊನೆಗೆ ಅವನು ಒಳಗೆ ಬರಲು ನೋಡಿದ ಸಾಲು. ಗೋಡೆಯಾಚೆಯಿಂದ ಕೌಂಟರಿನವರು ಯಾರೋ "ಬಂತು, ಬಂತು" ಅಂದದ್ದು ಆ ಗಲಾಟೆಯಲ್ಲೂ ಕೇಳಿಸಿತು. ಗಂಟೆ ಹನ್ನೊಂದು ಮೂವತ್ತೈದು. ಅವನು ರಿಸೀವರನ್ನು ಎತ್ತಿ ಅದರ ಜಾಗದಲ್ಲಿಟ್ಟು ಹೊರಗೆ ಓಡಿದ.

ಲ್ಯಾಬಕ್ಕ ವಾರ್ಡಿನಿಂದ ಬರುವ ಹೊತ್ತಿಗೆ ಸ್ಕ್ರೀನಿನ ಮೇಲೆ ಹನ್ನೊಂದು ಹೆಸರಿದ್ದವು. ಅವಳು ಸ್ಕ್ರೀನ್ ನೋಡಿದಳು, ಏನಾಗಿತ್ತು ಅಂತ ಕೇಳಲಿಲ್ಲ, ಕೇಳುವ ಹೊತ್ತೂ ಅದಲ್ಲ. ಅವಳು ನಾಲ್ಕು, ಡಾಕ್ಟರು ನಾಲ್ಕು, ಸ್ವಿಚ್ಚಪ್ಪ ಮೂರು ಅಂತ ಹಂಚಿಕೊಂಡು ಮೂವರೂ ಮೂರು ಮೂಲೆಗೆ ನಿಂತು ಫೋನ್ ಹಚ್ಚಿದರು. ಒಬ್ಬರು ಊರು ಬಿಟ್ಟಿದ್ದರು. ಒಬ್ಬರಿಗೆ ಜ್ವರ. ಒಬ್ಬಳು ತಾನೇ ಬಸುರಿ, ಅದನ್ನು ಹೇಳುವಾಗ ಅತ್ತಳು. ಒಬ್ಬರ ಫೋನ್ ಎತ್ತಿದ ಮಗ, ಅಪ್ಪ ಹೋಗಿ ಎರಡು ತಿಂಗಳಾಯಿತು ಅಂದ. ಐವರು ಎತ್ತಲೇ ಇಲ್ಲ. ಸ್ವಿಚ್ಚಪ್ಪನ ಮೂರನೆಯ ನಂಬರು ಒಬ್ಬ ಕ್ಷೌರಿಕನದು.

"ಎಷ್ಟು ಹೊತ್ತಲ್ಲಿ ಬರ್ತೀರಿ?"

"ಒಬ್ಬರಿಗೆ ಅರ್ಧ ಗಡ್ಡ ತೆಗೆದಿದೀನಿ."

"ಇನ್ನರ್ಧ ನಾಳೆ ತೆಗೀರಿ ಮಹರಾಯ್ರೇ. ಇಲ್ಲಿ ಜೀವ ಹೋಗ್ತಿದೆ."

ಅವನು ಕತ್ತರಿ ಜೇಬಿನಲ್ಲಿದ್ದ ಹಾಗೇ ಸೈಕಲ್ಲಿನಲ್ಲಿ ಬಂದ. ಹನ್ನೆರಡೂ ಹತ್ತಾಗಿತ್ತು. ಎರಡನೆಯವಳು ಲ್ಯಾಬಕ್ಕನಿಗೆ ಸಿಕ್ಕವಳು, ಡ್ರೈವಿಂಗ್ ಕಲಿಸುವವಳು. ಪಾಠ ನಡೆಯುತ್ತಿದ್ದ ಕಾರಿನಲ್ಲೇ, ಕಲಿಯುತ್ತಿದ್ದವನ ಕೈಲೇ ಓಡಿಸಿಕೊಂಡು ಬಂದು ಗೇಟಿನ ಕಂಬಕ್ಕೆ ಸ್ವಲ್ಪ ತಾಗಿಸಿ ಇಳಿದಳು. ಅವಳು ಮಲಗಿ ತೋಳು ಚಾಚಿದಾಗ ಹನ್ನೆರಡೂವರೆ. ಪರೀಕ್ಷೆಗಳನ್ನೆಲ್ಲ ಲ್ಯಾಬಕ್ಕ ತಾನೇ ಮಾಡಿದಳು. ಬೇರೆಯವರು ಮಾಡಲಿ ಅಂದರು ಡಾಕ್ಟರು, ಅವಳು ಕೇಳಿಸಿಕೊಳ್ಳಲಿಲ್ಲ. ಒಂದೂ ನಲವತ್ತೆಂಟಕ್ಕೆ ಎರಡನೇ ಬಾಟಲಿ ಮೇಲಿನ ಮಹಡಿಯ ಆಪರೇಷನ್ ಕೋಣೆಗೆ ಹೋಯಿತು.

ಸ್ವಿಚ್ಚಪ್ಪನ ಕೆಲಸ ಮುಗಿದಿತ್ತು. ಹೋಗಲು ಅವನಿಗೆ ಕಾಲು ಬರಲಿಲ್ಲ. ಡಾಕ್ಟರು ಬಂದು, ಏನಾಗಿತ್ತ್ರೀ ಅದಕ್ಕೆ ಅಂದಾಗ, "ಪ್ರಿಂಟರಿನ ತಂತಿ ಸಡಿಲ ಆಗಿತ್ತು ಸರ್," ಅಂತ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. ಅದನ್ನೇ ಬರೆದು ಕೊಡಿ ಅಂದರು. ಕಂಪನಿಯ ಫಾರಂ ತೆಗೆದು ಕಾರಣ ಅನ್ನುವ ಕಡೆ ತಂತಿ ಸಡಿಲವಾಗಿತ್ತು ಅಂತ ಬರೆದ. ಕೆಳಗೆ ಲ್ಯಾಬಕ್ಕನ ಸಹಿ ಬೇಕಿತ್ತು. ಅದನ್ನು ಹಿಡಿದುಕೊಂಡು ಆಪರೇಷನ್ ಕೋಣೆಯ ಹೊರಗಿನ ಬೆಂಚಿಗೆ ಹೋದ. ಅವಳು ಅಲ್ಲಿ ಕೂತಿದ್ದಳು. ಪಕ್ಕದಲ್ಲಿ ಜಾಗ ಬಿಟ್ಟು ಅವನೂ ಕೂತ, ಫಾರಂ ಕೊಡಲಿಲ್ಲ.

ಮಾವನ ಫೋನ್ ಬಂತು. ಯಂತ್ರದ ಬಗ್ಗೆ ಅವರು ಕೇಳಲೇ ಇಲ್ಲ.

"ಆ ಹುಡುಗಿ ಹೆಂಗಿದಾಳೆ?"

"ಒಳಗೆ ಇದಾಳೆ ಮಾವ. ಇನ್ನೂ ಏನೂ ಹೇಳಿಲ್ಲ."

"ಗೊತ್ತಾದ ತಕ್ಷಣ ನನಗೆ ಹೇಳಿ. ನನಗೇ ಹೇಳಿ, ಮಗಳ ಕೈಲಿ ಹೇಳಿಸ್ಬೇಡಿ. ನೀವು ಊಟಕ್ಕೆ ಬರೋವರೆಗೆ ನಾನು ಕೂರಲ್ಲ."

ಎರಡೂ ನಲವತ್ತಕ್ಕೆ ನರ್ಸ್ ಬಾಗಿಲು ತೆರೆದು, ಹೆಣ್ಣು ಮಗು, ಅಳ್ತಿದೆ, ಚೆನ್ನಾಗಿದೆ, ತಾಯಿನೂ ಪರವಾಗಿಲ್ಲ, ಇನ್ನೇನು ಕರ್ಕೊಂಡು ಬರ್ತಾರೆ ಅಂದಳು. ಲ್ಯಾಬಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮುಖ ಒರೆಸಿಕೊಂಡ ಮೇಲೆ ಕೈ ಚಾಚಿದಳು.

"ಕೊಡಿ, ಎಲ್ಲಿ ಸಹಿ?"

ಕೊಟ್ಟ. ಅವಳು ಓದಿದಳು. ಇರುವುದು ಎರಡೇ ಶಬ್ದ, ಓದಲು ಬಹಳ ಹೊತ್ತು ತೆಗೆದುಕೊಂಡಳು.

"ತಂತಿ ಸಡಿಲ ಆಗಿರ್ಲಿಲ್ಲ."

ಸ್ವಿಚ್ಚಪ್ಪ ಎದುರಿನ ಗೋಡೆ ನೋಡಿದ.

"ಆಗಲೇ ಆ ಕೋಣೆಗೆ ಹೋಗಿದ್ದೆ, ಮೇಲಕ್ಕೆ ಫೋನ್ ಮಾಡೋಕೆ. ಕಾಗದ ನೋಡ್ದೆ," ಅಂದಳು. "ಗುಂಡಿ ಒತ್ತಿದ್ದು ನಾನು. ಅವರು ಹೆಸರು ಹೇಳಿದ್ರಲ್ಲ, ಆಮೇಲೆ ಏನು ಮಾಡ್ದೆ ಅಂತ ನನಗೆ ನೆನಪಿಲ್ಲ. ಓಡದೆ ಅಲ್ಲೇ ಕೂತು ಹುಡುಕಿದ್ರೂ ಆಗ ಸಿಕ್ತಿತ್ತು. ಎರಡು ಗಂಟೆ ಅವಳನ್ನ ಹಂಗೇ ಮಲಗಿಸಿದ್ದು ನಾನೇ."

"ನೀವು ಬೇಕಂತ ಮಾಡಿದ್ದಲ್ಲ ಮೇಡಂ. ಬಿಟ್ಟಾಕಿ. ಇದನ್ನ ಬರೆದ್ರೆ ನಿಮ್ಮ ಕೆಲಸಕ್ಕೆ ಬಂದ್ರೂ ಬರಬಹುದು. ಯಾರಿಗೂ ಗೊತ್ತಾಗಲ್ಲ."

"ನಾವೆಲ್ಲ ಒತ್ತೋರೇ. ದಿನಾ ಒತ್ತುತೀವಿ. ಅದಕ್ಕೆ ಮಷೀನು ನಿಲ್ಲತ್ತೆ ಅಂತ ಒಬ್ಬರಿಗೂ ಗೊತ್ತಿಲ್ಲ. ತಂತಿ ಅಂತ ಬರೆದ್ರೆ ತಂತಿ ಬದಲಾಯಿಸ್ತಾರೆ. ನಾಳೆ ಇನ್ನೊಬ್ಬರು ಮರೀತಾರೆ. ಆಗ ಬೇರೆ ಯಾರದೋ ತಂಗಿ ಇರ್ತಾಳೆ."

ಪೆನ್ನು ಕೊಡಿ ಅಂದಳು, ಕೊಟ್ಟ. ಅವನ ಎರಡು ಶಬ್ದ ಹೊಡೆದು ಹಾಕಿ, ಅದರ ಮೇಲೆ ತನ್ನ ದುಂಡು ಅಕ್ಷರದಲ್ಲಿ, ನಾನು ಪ್ರಿಂಟರ್ ನಿಲ್ಲಿಸಿ ಮತ್ತೆ ಚಾಲೂ ಮಾಡಲು ಮರೆತದ್ದು ಅಂತ ಬರೆದು, ಸಮಯ ಹಾಕಿ, ಕೆಳಗೆ ಸಹಿ ಮಾಡಿದಳು. ಅವಳು ತಲೆ ಎತ್ತುವಷ್ಟರಲ್ಲಿ ಬಾಗಿಲು ತೆರೆಯಿತು.

ಗಾಲಿಮಂಚದ ಮೇಲೆ ತಂಗಿ ಇದ್ದಳು. ಮುಖ ಬಿಳಿಚಿಕೊಂಡಿತ್ತು, ಆದರೆ ಕಣ್ಣು ತೆರೆದಿದ್ದವು. ಲ್ಯಾಬಕ್ಕ ಎದ್ದು ನಿಂತು ಕಾಗದ ಹಿಡಿದ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

"ಅಕ್ಕಾ," ಅಂದಳು ತಂಗಿ. ದನಿ ಕಷ್ಟದಲ್ಲಿ ಹೊರಡುತ್ತಿತ್ತು. "ರಕ್ತ ಸಿಗ್ಲಿಲ್ಲ, ರಕ್ತ ಸಿಗ್ಲಿಲ್ಲ ಅಂತ ಎಲ್ಲ ಗಾಬರಿ ಆಗಿದ್ರು. ನೀನಿದ್ದೀಯಲ್ಲ ಅಂತ ನಂಗೆ ಒಂಚೂರೂ ಭಯ ಆಗ್ಲಿಲ್ಲ ಕಣೇ."

"ಹ್ಞೂ," ಅಂದಳು ಲ್ಯಾಬಕ್ಕ.

ಬಲಗೈಯಿಂದ ತಂಗಿಯ ಹೊದಿಕೆ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. ಮತ್ತೊಮ್ಮೆ ಮಾಡಿದಳು. ಸ್ವಿಚ್ಚಪ್ಪ ಎದ್ದು ಬಂದು, ಬೆನ್ನ ಹಿಂದಿನ ಎಡಗೈಯಿಂದ ಕಾಗದವನ್ನು ಮೆಲ್ಲಗೆ ತೆಗೆದುಕೊಳ್ಳಲು ನೋಡಿದ. ಬೆರಳುಗಳು ಬಿಡಲಿಲ್ಲ. ಅವನು ಎಳೆಯಲಿಲ್ಲ. ಕಾಗದದ ಇನ್ನೊಂದು ತುದಿ ಹಿಡಿದುಕೊಂಡು ಹಾಗೇ ನಿಂತ.